ಸಾಕು ಎಂಬ ಸನ್ನೆ

ಕತ್ತರಿಯಕ್ಕನ ಅಂಗಡಿಗೆ ಬಟ್ಟೆ ಹೊಲಿಸಲು ಹೋದವರು ಅಳತೆ ಕೊಡುವ ಮೊದಲು ಕಿವಿ ಕೊಡಬೇಕಾಗಿತ್ತು. ಆ ಹೆಸರು ಬಂದದ್ದು ಕೈಯಲ್ಲಿದ್ದ ಕತ್ತರಿಯಿಂದಲೋ ಬಾಯಲ್ಲಿದ್ದ ಕತ್ತರಿಯಿಂದಲೋ ಎಂಬುದು ಬೀದಿಯಲ್ಲಿ ಇನ್ನೂ ಇತ್ಯರ್ಥವಾಗಿರಲಿಲ್ಲ. ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಬಂದವನು ತನ್ನ ಸಂಸಾರದ ಗೋಳು ತೆಗೆದರೆ, ಅದನ್ನೂ ಅಲ್ಲೇ ಗಿಡ್ಡ ಮಾಡಿ ಕೈಗೆ ಕೊಟ್ಟು ಕಳಿಸುತ್ತಿದ್ದಳು. ಹಾಗಂತ ಯಾರಿಗೂ ಅವಳ ಮೇಲೆ ಬೇಸರವಿರಲಿಲ್ಲ. ಪುಟ್ಟಿಯನ್ನು ಅವಳು ನೋಡಿಕೊಂಡ ರೀತಿ ಕಂಡವರಿಗೆ ಅವಳ ನಾಲಿಗೆಯನ್ನು ಕ್ಷಮಿಸುವುದು ಕಷ್ಟವಾಗುತ್ತಿರಲಿಲ್ಲ.

ಪುಟ್ಟಿ ಅವಳ ತಂಗಿ. ಮೂವತ್ತು ದಾಟಿದರೂ ಪುಟ್ಟಿಯೇ. ಹುಟ್ಟಿನಿಂದಲೇ ಕಿವಿ ಕೇಳದ ಅವಳು ಆ ಹೆಸರನ್ನು ಒಮ್ಮೆಯೂ ಕೇಳಿಸಿಕೊಂಡವಳಲ್ಲ. ಮನೆಯಲ್ಲಿ ಅವಳನ್ನು ಕರೆಯುವುದೆಂದರೆ ಕಿರುಬೆರಳು ಎತ್ತಿ ತೋರಿಸುವುದು. ಅಪ್ಪ ಅಮ್ಮ ಬೇಗನೆ ಹೋದರು, ಅಕ್ಕನೇ ಸಾಕಿದಳು. ಮದುವೆ ಮಾತು ಬಂದಾಗಲೆಲ್ಲ ‘ಮೊದಲು ಇವಳದ್ದೊಂದು ದಡ ಮುಟ್ಟಲಿ’ ಎನ್ನುತ್ತ ತನ್ನ ವಯಸ್ಸನ್ನು ಹೊಲಿಗೆ ಯಂತ್ರದ ಮುಂದೆಯೇ ಕಳೆದಳು. ಕಿವುಡು ಮಕ್ಕಳ ಶಾಲೆಗೆ ಕೆಲವು ವರ್ಷ ಕಳಿಸಿದ್ದಳು. ಅಲ್ಲಿ ಓದುಬರಹ ಹೆಸರು ವಿಳಾಸ ಬರೆಯುವಷ್ಟಕ್ಕೆ ನಿಂತಿತು. ಆಮೇಲೆ ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಚಾದರ ಮಡಚುವ ಕೆಲಸ ಸಿಕ್ಕಿತು.

ಡಾಕ್ಟರ ಮುಂದೆ, ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ನೆಂಟರ ಮುಂದೆ, ಎಲ್ಲೆಡೆ ಪುಟ್ಟಿಯ ಬಾಯಿ ಅಕ್ಕನೇ. ಅಕ್ಕತಂಗಿಯರ ನಡುವೆ ಮನೆಯಲ್ಲೇ ಹುಟ್ಟಿದ ಒಂದಿಷ್ಟು ಸನ್ನೆಗಳಿದ್ದವು. ಊಟ, ನಿದ್ದೆ, ಬಸ್ಸು, ನೋವು, ಬಾ, ಹೋಗು. ಬಡಿಸುವಾಗ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರೆ ಸಾಕು ಎಂದರ್ಥ. ಆ ಸನ್ನೆ ಪುಟ್ಟಿಗೆ ಬಹಳ ಇಷ್ಟವೆಂದು ಅಕ್ಕನ ನಂಬಿಕೆ. ಕೆಲಸ ಹೇಗಿದೆ ಎಂದು ಕೇಳಿದರೆ ಅಂಗೈ ಅಡ್ಡ. ಸಂಬಳ? ಅಂಗೈ ಅಡ್ಡ. ‘ನನ್ನ ತಂಗಿಗೆ ದುರಾಸೆ ಅನ್ನೋದೇ ಇಲ್ಲ ನೋಡಿ, ಏನು ಕೇಳಿದ್ರೂ ಸಾಕು ಅಂತಾಳೆ’ ಎಂದು ಗಿರಾಕಿಗಳ ಮುಂದೆ ಹೇಳಿಕೊಂಡು ಹಿಗ್ಗುತ್ತಿದ್ದಳು.

ಅಂಥ ಪುಟ್ಟಿಯ ಕೈಗಳು ಒಂದು ದಿನ ಸುಮ್ಮನಾದವು. ಲಾಂಡ್ರಿಯಿಂದ ಬಂದವಳು ಮಂಚದ ಮೇಲೆ ಕೂತು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು, ಮತ್ತೆ ಎತ್ತಲಿಲ್ಲ. ಬಡಿಸಿದರೆ ಎರಡು ತುತ್ತು ತಿನ್ನುತ್ತಿದ್ದಳು. ಕೆಲಸಕ್ಕೆ ಹೊರಡಿಸಿದರೆ ಬಾಗಿಲ ಚೌಕಟ್ಟನ್ನು ಹಿಡಿದು ನಿಲ್ಲುತ್ತಿದ್ದಳು. ಅಕ್ಕ ಸನ್ನೆ ಮಾಡಿದಳು, ಗದರಿದಳು, ಅತ್ತಳು, ಕಾಲು ಹಿಡಿಯುವುದೊಂದು ಬಾಕಿ. ಕಿವಿ ಕೇಳದಿದ್ದರೂ ಮಾತು ನಿಲ್ಲಿಸದವಳು ಈಗ ಮಾತು ನಿಲ್ಲಿಸಿದ್ದಳು.

ಲಾಂಡ್ರಿಯ ಮೇಲ್ವಿಚಾರಕನಿಗೆ ಫೋನ್ ಮಾಡಿದರೆ ಅವನದು ಮೆತ್ತಗಿನ ದನಿ. ‘ಇಲ್ಲಿ ಏನೂ ಆಗಿಲ್ಲ ಅಕ್ಕ. ಮೊನ್ನೆ ಒಂದು ಮೋಟಾರು ಸುಟ್ಟು ಸ್ವಲ್ಪ ಹೊಗೆ ಬಂತು. ಬೆಲ್ ಹೊಡೀತು, ಎಲ್ಲ ಆಚೆ ಬಂದ್ರು, ಮತ್ತೆ ಒಳಗೆ ಹೋದ್ರು, ಅಷ್ಟೇ. ಪಾಪ, ಒಳ್ಳೆ ಹುಡುಗಿ. ಆದ್ರೆ ಈ ತಿಂಗಳು ಮುಗಿಯೋದ್ರೊಳಗೆ ಬರ್ಲಿಲ್ಲ ಅಂದ್ರೆ ಜಾಗ ಉಳಿಸೋಕೆ ನನ್ನ ಕೈಲಾಗಲ್ಲ.’

ಕತ್ತರಿಯಕ್ಕ ಅಂಗಡಿಗೆ ಬೀಗ ಹಾಕಿ ತಂಗಿಯನ್ನು ಕರೆದುಕೊಂಡು ಡಾಕ್ಟರುಗಳ ಬಾಗಿಲು ಸುತ್ತಿದಳು. ಒಬ್ಬರು ಮಾತ್ರೆ ಕೊಟ್ಟರು, ಪುಟ್ಟಿ ಹಗಲೂ ಮಲಗಿದಳು. ಇನ್ನೊಬ್ಬರು ಇದು ಹಟ ಎಂದರು. ಮೂರನೆಯವರೊಬ್ಬರು ಮಾತ್ರ, ‘ಇಲ್ಲಿಗೆ ಹೋಗಿ, ಒಬ್ಬರು ಸಮಾಲೋಚಕಿ ಇದ್ದಾರೆ, ಮನಸ್ಸಿಗೆ ನೋವಾದವರನ್ನ ಕೂರಿಸಿ ಮಾತಾಡಿಸ್ತಾರೆ’ ಎಂದು ಒಂದು ವಿಳಾಸ ಹೇಳಿದರು. ಮಾತೇ ಆಡದವಳನ್ನು ಅದ್ಹೇಗೆ ಮಾತಾಡಿಸುತ್ತಾರೋ ನೋಡಿಯೇ ಬಿಡೋಣವೆಂದು ಅಕ್ಕ ಹೊರಟಳು.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ ಅದು. ಒಳಗೆ ಒಂದು ಮೇಜು, ನಾಲ್ಕಾರು ಕುರ್ಚಿ, ದೊಡ್ಡ ಕಿಟಕಿ. ಸಮಾಲೋಚಕಿ ಎಂದರೆ ಗಂಭೀರವಾದ ಯಾರೋ ಇರಬೇಕು ಎಂದುಕೊಂಡಿದ್ದವಳಿಗೆ ಎದುರಾದದ್ದು ಕ್ಯಾನ್ವಾಸ್ ಶೂ ಹಾಕಿದ ಕುಳ್ಳಗಿನ ಹೆಂಗಸು. ಆಕೆ ಕುರ್ಚಿಯೊಂದನ್ನು ಹಿಡಿದುಕೊಂಡು ಕೋಣೆಯೆಲ್ಲ ಅಲೆಯುತ್ತಿದ್ದಳು. ಇಲ್ಲಿಟ್ಟಳು, ಅಲ್ಲಿಟ್ಟಳು, ಕೂತು ನೋಡಿದಳು, ಮತ್ತೆ ಎತ್ತಿದಳು. ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವಂತೆ, ಪುಟ್ಟಿಯ ಕಣ್ಣಿಗೆ ಚುಚ್ಚದಂತೆ ಎಲ್ಲಿ ಕೂರಬೇಕೆಂದು ಲೆಕ್ಕ ಹಾಕುತ್ತಿದ್ದಳು ಎಂಬುದು ಅಕ್ಕನಿಗೆ ಆಮೇಲೆ ತಿಳಿಯಿತು. ಆ ಹೊತ್ತಿಗೆ ಮನಸ್ಸಿನಲ್ಲೇ ‘ಕುರ್ಚಿ ಮೇಡಂ’ ಎಂದು ಹೆಸರಿಟ್ಟು ಮುಗಿಸಿದ್ದಳು.

‘ಅವರಿಗೆ ಯಾವಾಗಿನಿಂದ ಹೀಗಾಗಿದೆ?’ ಎಂದು ಕುರ್ಚಿ ಮೇಡಂ ಕೇಳಿದಾಗ ಅಕ್ಕ ಯಾವ ಅವರು ಎಂದು ಹಿಂದೆ ತಿರುಗಿ ನೋಡಿದಳು. ಪುಟ್ಟಿಯನ್ನು ಆವರೆಗೆ ಯಾರೂ ‘ಅವರು’ ಎಂದದ್ದಿಲ್ಲ. ಅವಳು, ಇವಳು, ಪಾಪದ್ದು, ಇಷ್ಟೇ.

ಅರ್ಥವಾದ ಮೇಲೆ ಅಕ್ಕ ಶುರು ಮಾಡಿದಳು. ಪುಟ್ಟಿ ಹುಟ್ಟಿದ್ದರಿಂದ ಹಿಡಿದು ನಿನ್ನೆಯ ಊಟದವರೆಗೆ ಒಂದೇ ಉಸಿರಿಗೆ ಹೇಳಿದಳು. ಮೇಡಂ ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಸಿದ್ಧವಾಗಿತ್ತು. ಪುಟ್ಟಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿ ನೋಡುತ್ತ ಕೂತಿದ್ದಳು. ಕೊನೆಗೆ ಕುರ್ಚಿ ಮೇಡಂ ಎದ್ದು ನಿಂತು, ಪುಟ್ಟಿಯ ಎದುರಿಗೆ ಬಂದು, ಎದೆಯ ಮೇಲೆ ಕೈಯಿಟ್ಟು ತಲೆ ತಗ್ಗಿಸಿದಳು. ಅಕ್ಕನಿಗೆ ಹೇಳಿದಳು: ‘ಇವತ್ತು ಇಷ್ಟು ಹೊತ್ತೂ ನಾನು ನಿಮ್ಮ ಹತ್ರಾನೇ ಮಾತಾಡ್ದೆ. ಯಾರ ಹತ್ರ ಆಡಬೇಕಿತ್ತೋ ಅವರ ಹತ್ರ ಒಂದು ಮಾತೂ ಆಡ್ಲಿಲ್ಲ. ತಪ್ಪು ನಂದು. ಮುಂದಿನ ಸಲ ಸನ್ನೆ ಭಾಷೆ ಬರೋ ಒಬ್ಬರನ್ನ ಕರೆಸಿರ್ತೀನಿ. ಆಗ ನೀವು ಸ್ವಲ್ಪ ಹೊತ್ತು ಆಚೆ ಕೂತಿರಿ.’

‘ಆಚೆನಾ? ಅವಳ ಸನ್ನೆ ನನಗಲ್ದೆ ಬೇರೆ ಯಾರಿಗ್ರೀ ಅರ್ಥ ಆಗುತ್ತೆ? ಸಾಕಿದೋಳು ನಾನು!’

‘ಗೊತ್ತಾಯ್ತು. ಆದ್ರೂ ಒಂದ್ಸಲ ನೋಡೋಣ’ ಎಂದು ಮೇಡಂ ನಕ್ಕಳು. ಆ ನಗುವಿನಲ್ಲಿ ಜಗಳಕ್ಕೆ ಜಾಗವೇ ಇರಲಿಲ್ಲ. ಕತ್ತರಿಯಕ್ಕ ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಮನೆಗೆ ಬಂದಳು.

ಮುಂದಿನ ಸಲ ಹೋದಾಗ ಅಲ್ಲೊಬ್ಬ ನಡುವಯಸ್ಸಿನ ದಪ್ಪ ಮನುಷ್ಯ ಕೂತಿದ್ದ. ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳದ ಮನೆಯಲ್ಲಿ ಬೆಳೆದವನು, ಅವನೇ ದುಭಾಷಿ. ಬಾಗಿಲು ಮುಚ್ಚಿತು. ಅಕ್ಕ ಮೆಟ್ಟಿಲ ಮೇಲೆ ಕೂತಳು. ಕೂತವಳು ಸುಮ್ಮನೆ ಕೂರುವ ಜಾತಿಯವಳಲ್ಲ, ನಿಧಾನವಾಗಿ ಜರುಗಿ ಜರುಗಿ ಬಾಗಿಲಿಗೆ ಕಿವಿಯಿಟ್ಟಳು. ಮೊದಮೊದಲು ಒಳಗಿನಿಂದ ಸದ್ದೇ ಇಲ್ಲ. ಬಹಳ ಹೊತ್ತಿನ ಮೇಲೆ ಆ ಗಂಡಸಿನ ದನಿ ಕೇಳಿಸಿತು.

‘ನಂಗೆ ತುಂಬಾ ಭಯ ಆಯ್ತು. ತಿರುಗಿ ನೋಡಿದ್ರೆ ಒಬ್ರೂ ಇಲ್ಲ. ನನ್ನ ಬಿಟ್ಟು ಎಲ್ಲಾ ಹೋಗ್ಬಿಟ್ಟಿದ್ರು.’

ಕತ್ತರಿಯಕ್ಕನ ಪಿತ್ತ ನೆತ್ತಿಗೇರಿತು. ತಂಗಿಯ ಗೋಳು ಕೇಳಲು ಬಂದವನು ತನ್ನ ಗೋಳು ಹೇಳಿಕೊಳ್ಳುತ್ತಿದ್ದಾನಲ್ಲ! ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದಳು. ‘ಏನ್ರೀ ಇದು? ನಿಮ್ಮನ್ನ ಯಾರು ಬಿಟ್ಟು ಹೋದ್ರೆ ನಮಗೇನ್ರೀ? ನನ್ನ ತಂಗಿ ಮುಂದೆ ಕೂತ್ಕೊಂಡು…’

ಮಾತು ಅಲ್ಲೇ ನಿಂತಿತು. ಪುಟ್ಟಿಯ ಎರಡೂ ಕೈಗಳು ಮೇಲೆ ಇದ್ದವು.

ಬರೀ ಮೇಲಿದ್ದವು ಎಂದರೆ ಸಾಲದು. ಅವು ಓಡುತ್ತಿದ್ದವು. ಬೆರಳುಗಳು ಬಿಚ್ಚುತ್ತಿದ್ದವು, ಮುಚ್ಚುತ್ತಿದ್ದವು, ಒಂದನ್ನೊಂದು ತಟ್ಟಿ ಕೆನ್ನೆಗೆ ಹೋಗಿ ಎದೆಗೆ ಬರುತ್ತಿದ್ದವು. ಹುಬ್ಬು, ತುಟಿ, ಭುಜ ಎಲ್ಲವೂ ಜೊತೆಗೂಡಿದ್ದವು. ಅಕ್ಕ ಆ ಸನ್ನೆಗಳಲ್ಲಿ ಒಂದನ್ನೂ ಕಂಡಿರಲಿಲ್ಲ. ಅವಳಿಗೆ ಗೊತ್ತಿದ್ದ ಪುಟ್ಟಿ ಊಟ, ನಿದ್ದೆ, ಬಸ್ಸು, ನೋವು ಇಷ್ಟರಲ್ಲೇ ಬದುಕುವವಳು. ಇಲ್ಲಿ ಕೂತಿದ್ದವಳು ಮಾತಿನ ಮಲ್ಲಿ.

‘ಅಮ್ಮ, ಬಿಟ್ಟು ಹೋದದ್ದು ನನ್ನನ್ನಲ್ಲ’ ಎಂದ ದುಭಾಷಿ ಮೆಲ್ಲಗೆ. ‘ಅವರ ಮಾತನ್ನ ಅವರ ಹಾಗೇ ಹೇಳೋದು ನನ್ನ ಕೆಲಸ. ನಾನು ಅಂದ್ರೆ ಅವರು.’

ಕುರ್ಚಿ ಮೇಡಂ ಅಕ್ಕನನ್ನು ಗದರಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಪುಟ್ಟಿಯ ಕಡೆ ತಿರುಗಿ, ‘ನಿಮ್ಮ ಅಕ್ಕ ಇಲ್ಲಿರಬಹುದಾ? ಹೇಗೆ ನಿಮಗೆ?’ ಎಂದು ಕೇಳಿದಳು. ದುಭಾಷಿಯ ಕೈಗಳು ಅದನ್ನು ದಾಟಿಸಿದವು. ಪುಟ್ಟಿ ಅಕ್ಕನನ್ನು ನೋಡಿದಳು, ನೆಲ ನೋಡಿದಳು, ಆಮೇಲೆ ಚಿಕ್ಕದಾಗಿ ಏನೋ ಹೇಳಿದಳು.

‘ಇವತ್ತು ಬೇಡ’ ಎಂದ ದುಭಾಷಿ.

ಹುಟ್ಟಿದಾಗಿನಿಂದ ಪುಟ್ಟಿ ಅಕ್ಕನಿಗೆ ಬೇಡ ಎಂದದ್ದು ಅದೇ ಮೊದಲು. ಕತ್ತರಿಯಕ್ಕ ಹೊರಗೆ ಬಂದು ಈ ಸಲ ಕೆಳಗಿನ ಮೆಟ್ಟಿಲಲ್ಲಿ, ಬಾಗಿಲಿಂದ ದೂರ ಕೂತಳು. ಸೈಕಲ್ ಅಂಗಡಿಯವನು ಏನಾಯಿತೆಂದು ಕೇಳಿದ್ದಕ್ಕೆ ಕಣ್ಣಿಗೆ ಧೂಳು ಬಿತ್ತು ಎಂದಳು. ಹೊಟ್ಟೆಕಿಚ್ಚೋ ಸಂತೋಷವೋ ಅವಳಿಗೇ ತಿಳಿಯಲಿಲ್ಲ. ತಂಗಿಯ ಕೈ ಎದ್ದಿತು ಎಂಬುದೊಂದೇ ನಿಜ. ಅದನ್ನು ಎಬ್ಬಿಸಿದ್ದು ತಾನಲ್ಲ ಎಂಬುದೂ ಅಷ್ಟೇ ನಿಜ.

ಅದರ ಮುಂದಿನ ಸಲ ಪುಟ್ಟಿಯೇ ಅವಳ ಕೈ ಹಿಡಿದು ಒಳಗೆ ಕರೆದೊಯ್ದಳು. ಕುರ್ಚಿ ಮೇಡಂ ಆಗಲೇ ಕುರ್ಚಿಗಳನ್ನು ಜೋಡಿಸಿಟ್ಟಿದ್ದಳು. ಅಕ್ಕನ ಜಾಗ ಪುಟ್ಟಿಯ ಪಕ್ಕದಲ್ಲಲ್ಲ, ಎದುರಿಗೆ. ‘ಪಕ್ಕದಲ್ಲಿ ಕೂತ್ರೆ ಅವರ ಕೈ ನಿಮಗೆ ಕಾಣಲ್ಲ’ ಎಂದಳು. ಇಷ್ಟು ವರ್ಷ ತಾನು ಎಲ್ಲ ಕಡೆ ಪಕ್ಕದಲ್ಲೇ ಕೂತದ್ದು ಅಕ್ಕನಿಗೆ ಆಗ ನೆನಪಾಯಿತು.

ಪುಟ್ಟಿ ಹೇಳತೊಡಗಿದಳು. ದುಭಾಷಿಯ ಗಡಸು ಗಂಟಲಿನಿಂದ ‘ಅಕ್ಕ’ ಎಂಬ ಮಾತು ಬಂತು. ತಂಗಿ ತನ್ನನ್ನು ಅಕ್ಕ ಎಂದು ಕರೆದದ್ದನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ.

‘ಅಕ್ಕ, ಚಾದರ ಮಡಚೋ ಮೇಜಿನ ಹತ್ರ ನನ್ನ ಶಾಲೆ ಗೆಳತಿ ಇದ್ಲು. ಅವಳಿಗೂ ಕಿವಿ ಕೇಳಲ್ಲ. ಚಾದರ ಮಡಚೋಕೆ ಇಬ್ರು ಎದುರುಬದುರು ನಿಲ್ಬೇಕು. ಒಂದು ಮಡಚಿ ಇನ್ನೊಂದು ತಗೊಳ್ಳೋದ್ರೊಳಗೆ ನಾವು ಶಾಲೇಲಿ ಕಲಿತ ಸನ್ನೆ ಭಾಷೇಲಿ ಮಾತಾಡ್ತಿದ್ವಿ. ದಿನಾ ಆಡ್ತಿದ್ವಿ. ಸಿನಿಮಾ, ಮೇಲ್ವಿಚಾರಕನ ಹೊಟ್ಟೆ, ನಿನ್ನ ಸುದ್ದಿ, ಎಲ್ಲ. ಆಮೇಲೆ ನನ್ನ ಹಿಂದಿನ ಕೋಣೆಗೆ ಹಾಕಿದ್ರು.’

ಅಕ್ಕನಿಗೆ ಗೊತ್ತಿತ್ತು. ಬಟ್ಟೆ ಒಣಗಿಸುವ ಯಂತ್ರಗಳ ಕೋಣೆ ಅದು. ಅಲ್ಲಿನ ಗದ್ದಲಕ್ಕೆ ಎಲ್ಲರಿಗೂ ತಲೆ ಸಿಡಿಯುತ್ತದೆ, ಯಾರೂ ನಿಲ್ಲುವುದಿಲ್ಲ, ಕಿವಿ ಕೇಳದವಳಿಗೆ ಸದ್ದಿನ ಕಾಟವೇನು ಎಂದು ಮೇಲ್ವಿಚಾರಕ ಅಲ್ಲಿಗೆ ಹಾಕುವ ಮೊದಲೇ ಫೋನಿನಲ್ಲಿ ಕೇಳಿದ್ದ. ಅದೂ ಸರಿಯೇ ಅನ್ನಿಸಿ ಅಕ್ಕ ‘ಅವಳಿಗೇನೂ ಪರವಾಗಿಲ್ಲ ಬಿಡಿ’ ಎಂದಿದ್ದಳು.

‘ಅಲ್ಲಿ ಒಬ್ಬಳೇ. ನನ್ನ ಕೈ ನೋಡೋಕೆ ಯಾರೂ ಇಲ್ಲ. ಬೆಳಗ್ಗಿಂದ ಸಂಜೆವರೆಗೂ ಒಂದು ಮಾತಿಲ್ಲ. ಆವತ್ತು ಹೊಗೆ ವಾಸನೆ ಬಂತು. ಈಚೆ ಬಂದು ನೋಡಿದ್ರೆ ಇಡೀ ಹಾಲ್ ಖಾಲಿ. ಇಸ್ತ್ರಿ ಯಂತ್ರ ಹಾಗೇ ತಿರುಗ್ತಾ ಇತ್ತು. ಲೋಕದಲ್ಲಿ ಎಲ್ಲ ಸತ್ತು ನಾನೊಬ್ಬಳೇ ಉಳಿದೆ ಅನ್ನಿಸ್ತು. ಯಾರೂ ನನ್ನ ಕರೆಯೋಕೆ ಬರ್ಲಿಲ್ಲ ಅಕ್ಕ. ಗೆಳತೀನ ಯಾರೋ ಕೈ ಹಿಡಿದು ಎಳ್ಕೊಂಡು ಹೋಗಿದ್ರಂತೆ. ಅವಳು ಆಚೆ ನಿಂತು ಕಟ್ಟಡದ ಕಡೆ ಕೈ ತೋರಿಸ್ತಾನೇ ಇದ್ಲಂತೆ. ಹೆದರಿದಾಳೆ ಅಂತ ಎಲ್ಲ ಬೆನ್ನು ಸವರಿದ್ರಂತೆ.’

‘ನಂಗೆ ಹೇಳಬೇಕಿತ್ತಲ್ಲೇ!’ ಎಂದು ಅಕ್ಕ ಬಾಯಿಬಿಟ್ಟು ಅತ್ತಳು.

‘ಹೇಳಿದೆ. ಆ ಕೋಣೆಗೆ ಹಾಕಿದಾಗಿನಿಂದ ಹೇಳ್ತಾನೇ ಇದ್ದೆ.’ ಪುಟ್ಟಿ ಅಂಗೈಯನ್ನು ಅಡ್ಡ ಹಿಡಿದು ತೋರಿಸಿದಳು. ಸಾಕು. ಮತ್ತೆ ಹಿಡಿದಳು, ಈ ಸಲ ಜೋರಾಗಿ, ಗಾಳಿಯನ್ನೇ ತಳ್ಳುವವಳಂತೆ. ‘ನೀನು ಕೆಲಸ ಹೇಗಿದೆ ಅಂತ ಕೇಳ್ದಾಗೆಲ್ಲ ಹೇಳಿದೆ. ಸಾಕಾಗಿದೆ, ಸಾಕಾಗಿದೆ ಅಂತ.’

ಸಾಕು ಎಂದರೆ ತೃಪ್ತಿ ಎಂದು ತಿಳಿದು ಊರೆಲ್ಲ ಹೊಗಳಿಕೊಂಡು ಬಂದವಳಿಗೆ ಆ ಗಳಿಗೆಯಲ್ಲಿ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಮನೆಯ ಸನ್ನೆಯಲ್ಲಿ ಎರಡಕ್ಕೂ ಒಂದೇ ಕೈ. ಕೈಯ ಹಿಂದಿನ ಮುಖವನ್ನು ನೋಡಬೇಕಿತ್ತು. ಪಕ್ಕದಲ್ಲಿ ಕೂತವಳಿಗೆ ಮುಖ ಕಂಡಿರಲಿಲ್ಲ.

ಕುರ್ಚಿ ಮೇಡಂ ಅಳುವಿಗೆ ಅಡ್ಡಿ ಬರಲಿಲ್ಲ. ಅಳು ತಾನಾಗಿ ನಿಂತ ಮೇಲೆ ಅಕ್ಕ ಮೂಗು ಒರೆಸಿಕೊಂಡು, ‘ಇವಳ ಕಾಯಿಲೆ ವಾಸಿ ಆಗುತ್ತಾ ಮೇಡಂ?’ ಎಂದು ಕೇಳಿದಳು.

‘ತೊಂದರೆ ಇರೋದು ಆ ಕೋಣೇಲಿ. ಅದನ್ನ ಇವರ ತಲೆಯೊಳಗೆ ಹುಡುಕ್ತಾ ಕೂತ್ರೆ ಸಿಗಲ್ಲ ಅಕ್ಕ. ಹೆದರಿಕೆ ಇದೆ, ನಿಜ. ಅದಕ್ಕೆ ನಾನೂ ಇವರೂ ಕೂತು ಮಾತಾಡ್ತೀವಿ, ಸಮಯ ಹಿಡಿಯುತ್ತೆ. ಆದ್ರೆ ಅಂಥ ಕೋಣೆಗೆ ಇವರನ್ನ ಒಗ್ಗಿಸಿ ಕಳಿಸೋದು ನನ್ನ ಕೆಲಸ ಅಲ್ಲ.’ ಪುಟ್ಟಿಯ ಕಡೆ ತಿರುಗಿದಳು. ‘ಮುಂದೆ ಏನು ಮಾಡೋಣ ಅಂತೀರಿ?’

ಪುಟ್ಟಿ ಲಾಂಡ್ರಿಗೆ ಹೋಗಿ ತಾನೇ ಹೇಳುತ್ತೇನೆ ಎಂದಳು. ಮೇಡಂ ಜೊತೆಗೆ ಬರಬೇಕು, ದುಭಾಷಿ ಬರಬೇಕು. ಅಕ್ಕನೂ ಬರಲಿ, ಆದರೆ ಬಾಯಿ ತೆರೆಯಬಾರದು. ಕೊನೆಯ ಮಾತು ಹೇಳುವಾಗ ದುಭಾಷಿ ನಗು ತಡೆಯಲು ಒದ್ದಾಡಿದ.

ಹೊರಡುವಾಗ ಅಕ್ಕ ಮೇಡಂಳನ್ನು ಒಂದು ಪಕ್ಕಕ್ಕೆ ಕರೆದಳು. ‘ಅವಳಿಗೆ ನನ್ನ ಮೇಲೆ ಕೋಪ ಇದ್ಯಾ? ನಿಮಗೆ ಹೇಳಿರ್ತಾಳಲ್ಲ.’

‘ಇದ್ರೂ ನಾನು ಹೇಳೋಳಲ್ಲ, ಇಲ್ದಿದ್ರೂ ಹೇಳೋಳಲ್ಲ. ನನ್ನ ಯಾಕೆ ಕೇಳ್ತೀರಿ?’ ಎಂದಳು ಕುರ್ಚಿ ಮೇಡಂ. ಕತ್ತರಿಯ ಬಾಯಿಗೆ ಬಾಯಿ ಕೊಟ್ಟು ಗೆದ್ದವರು ಬೀದಿಯಲ್ಲಿ ಯಾರೂ ಇರಲಿಲ್ಲ. ಈ ಹೆಂಗಸು ನಗುನಗುತ್ತಲೇ ಗೆದ್ದಳು. ಅಕ್ಕನಿಗೆ ಅವಳ ಮೇಲೆ ಮೊದಲ ಸಲ ನಿಜವಾದ ಗೌರವ ಹುಟ್ಟಿತು. ಎಲ್ಲರೂ ಇಂಥ ಹೊತ್ತಿನಲ್ಲಿ ಬೆನ್ನು ತಟ್ಟಿ ಕಳಿಸುತ್ತಾರೆ. ಇವಳಿಗೆ ಅಕ್ಕನ ಸಮಾಧಾನಕ್ಕಿಂತ ಪುಟ್ಟಿಯ ಗುಟ್ಟು ದೊಡ್ಡದಾಗಿತ್ತು.

ಲಾಂಡ್ರಿಯ ಆಫೀಸು ಎಂದರೆ ಗಾಜಿನ ಕಿಟಕಿಯ ಇಕ್ಕಟ್ಟಿನ ಕೋಣೆ. ಹಾಲ್‌ನಲ್ಲಿ ಬಿಳಿ ಚಾದರಗಳ ರಾಶಿ, ಬಿಸಿ ಆವಿ, ಸೋಪಿನ ವಾಸನೆ. ಪುಟ್ಟಿ ಒಳಗೆ ಕಾಲಿಡುವಾಗ ಬಾಗಿಲ ಹತ್ತಿರ ನಿಂತುಬಿಟ್ಟಳು. ಕುರ್ಚಿ ಮೇಡಂ ಎಳೆಯಲಿಲ್ಲ, ಹುರಿದುಂಬಿಸಲಿಲ್ಲ, ತಾನೂ ಅಲ್ಲೇ ನಿಂತಳು. ಯಾರೋ ಗಾಡಿ ತಳ್ಳಿಕೊಂಡು ಬಂದು ದಾರಿ ಬಿಡಿ ಎಂದರೂ ಅವಳು ಕದಲಲಿಲ್ಲ. ಪುಟ್ಟಿ ಉಸಿರೆಳೆದುಕೊಂಡು ಕಾಲು ಮುಂದಿಟ್ಟ ಮೇಲೆಯೇ ಅವಳೂ ಇಟ್ಟಳು. ಒಳಗೆ ಹೋದವಳೇ ಮೇಲ್ವಿಚಾರಕನ ಅಪ್ಪಣೆ ಕೇಳಿ ಕುರ್ಚಿಗಳನ್ನು ಎಳೆದಾಡತೊಡಗಿದಳು.

ಮೇಲ್ವಿಚಾರಕ ಕೆಟ್ಟವನೇನಲ್ಲ. ಎಲ್ಲರನ್ನೂ ಕೂರಿಸಿ ನೀರು ಕೊಟ್ಟ. ಪುಟ್ಟಿಯ ಕೈಗಳು ಎದ್ದವು, ದುಭಾಷಿಯ ದನಿ ಶುರುವಾಯಿತು. ‘ಆವತ್ತು ಬೆಲ್ ಹೊಡೆದಾಗ ನಾನು ಒಳಗೇ ಇದ್ದೆ.’ ಮೇಲ್ವಿಚಾರಕ ಪುಟ್ಟಿಯನ್ನೂ ನೋಡಲಿಲ್ಲ, ದುಭಾಷಿಯನ್ನೂ ನೋಡಲಿಲ್ಲ. ಅಭ್ಯಾಸದಂತೆ ಅಕ್ಕನ ಕಡೆ ತಿರುಗಿದ. ‘ಏನಂತೆ ಅಕ್ಕ ಇವಳದ್ದು? ಆ ಹೊಗೆ ವಿಷಯಾನಾ? ಈಗ ಎಲ್ಲ ಸರಿ ಹೋಗಿದೆ. ನಾಳೆಯಿಂದ ಬರ್ತಾಳೆ ತಾನೆ?’

ಉತ್ತರ ಅಕ್ಕನ ನಾಲಿಗೆಯ ತುದಿಯಲ್ಲಿತ್ತು. ಎಷ್ಟೋ ವರ್ಷ ಇಂಥ ಪ್ರಶ್ನೆಗಳಿಗೆಲ್ಲ ಅವಳೇ ಉತ್ತರ. ಜೊತೆಗೆ ಈಗ ಮೈಯೆಲ್ಲ ಉರಿಯುತ್ತಿತ್ತು, ಅವನ ಜನ್ಮ ಜಾಲಾಡಬೇಕೆನ್ನಿಸುತ್ತಿತ್ತು. ಕುರ್ಚಿ ಮೇಡಂ ಏನಾದರೂ ಹೇಳುತ್ತಾಳೇನೋ ಎಂದು ನೋಡಿದಳು. ಆಕೆ ಪುಟ್ಟಿಯ ಮೇಲಿಂದ ಕಣ್ಣು ತೆಗೆದಿರಲಿಲ್ಲ. ಕತ್ತರಿಯಕ್ಕ ತುಟಿ ಕಚ್ಚಿಕೊಂಡಳು.

‘ಅವರನ್ನೇ ಕೇಳಿ’ ಎಂದಳು.

ತಾನು ‘ಅವರು’ ಎಂದದ್ದು ಅವಳಿಗೆ ಹೇಳಿದ ಮೇಲೆಯೇ ಗೊತ್ತಾಯಿತು. ಮೇಲ್ವಿಚಾರಕ ಕಕ್ಕಾಬಿಕ್ಕಿಯಾಗಿ ಪುಟ್ಟಿಯ ಕಡೆ ತಿರುಗಿದ. ಇಷ್ಟು ವರ್ಷ ಕೆಲಸ ಮಾಡಿಸಿಕೊಂಡವನು ಆ ಮುಖವನ್ನು ಮೊದಲ ಸಲ ನೋಡುವವನಂತೆ ನೋಡಿದ. ಪುಟ್ಟಿ ಎಲ್ಲ ಹೇಳಿದಳು. ಖಾಲಿ ಹಾಲ್, ತಿರುಗುತ್ತಿದ್ದ ಯಂತ್ರ, ಕೈ ತೋರಿಸುತ್ತ ನಿಂತ ಗೆಳತಿ. ಅವನ ಮುಖ ಬಿಳಿಚಿಕೊಂಡಿತು. ‘ನಾನು ಎಣಿಸಲೇ ಇಲ್ಲ’ ಎಂದ ಸಣ್ಣ ದನಿಯಲ್ಲಿ. ‘ಎಲ್ಲ ಬಂದ್ರು ಅಂದ್ಕೊಂಡೆ.’ ಆಮೇಲೆ ಸಾವರಿಸಿಕೊಂಡು, ಮತ್ತೆ ಮೇಜಿನ ಕೆಲಸಕ್ಕೇ ಹಾಕುತ್ತೇನೆ, ಆಯಿತಲ್ಲ ಎಂದ.

ಪುಟ್ಟಿ ತಲೆಯಾಡಿಸಿದಳು, ಆಗಲಿಲ್ಲ ಎಂದು. ಬೆಲ್ ಜೊತೆಗೆ ಪ್ರತಿ ಕೋಣೆಯಲ್ಲೂ ಕೆಂಪು ದೀಪ ಹೊತ್ತಬೇಕು. ಬೆಂಕಿ, ಓಡು, ಬಾ, ಈ ಸನ್ನೆಗಳನ್ನಾದರೂ ಅಲ್ಲಿ ಕೆಲಸ ಮಾಡುವ ಎಲ್ಲರೂ ಕಲಿಯಬೇಕು, ತಾನೂ ಗೆಳತಿಯೂ ಕಲಿಸುತ್ತೇವೆ. ಇನ್ನು ಆ ಹಿಂದಿನ ಕೋಣೆಯಲ್ಲಿ ಯಾರನ್ನೂ, ಕಿವಿ ಕೇಳುವವರನ್ನಾಗಲಿ ಕೇಳದವರನ್ನಾಗಲಿ, ಒಬ್ಬರನ್ನೇ ಬಿಡಬಾರದು. ಮೇಲ್ವಿಚಾರಕ ದೀಪಕ್ಕೆ ಮೇಲಿನವರ ಒಪ್ಪಿಗೆ ಬೇಕು ಎಂದ. ಹಾಗಾದರೆ ಒಪ್ಪಿಗೆ ಬರುವವರೆಗೆ ತಾನು ಕಾಯುತ್ತೇನೆ, ಅಲ್ಲಿಯವರೆಗೆ ಜಾಗ ಹಾಗೇ ಇರಬೇಕು ಎಂದಳು ಪುಟ್ಟಿ. ಅಕ್ಕನಿಗೆ ಹೆದರಿಕೆಯಾಯಿತು, ಹೆಮ್ಮೆಯೂ ಆಯಿತು. ಮೇಲ್ವಿಚಾರಕ ಒಂದೆರಡು ಫೋನು ಮಾಡಿದ, ಬೆವರು ಒರೆಸಿಕೊಂಡ. ಕೊನೆಗೆ ಪುಟ್ಟಿಯ ಕಡೆಗೇ ತಿರುಗಿ, ‘ಆಯ್ತಮ್ಮ, ಜಾಗ ಎಲ್ಲೂ ಹೋಗಲ್ಲ. ದೀಪ ಹಾಕಿಸಿದ ಮೇಲೆ ಬನ್ನಿ’ ಎಂದ.

ಹೊರಗೆ ಗೇಟಿನ ಪಕ್ಕ ಕೆಲಸಗಾರರು ಬುತ್ತಿ ಬಿಚ್ಚುವ ಕಲ್ಲುಬೆಂಚಿತ್ತು. ಅಲ್ಲಿಗೆ ಬರುವಷ್ಟರಲ್ಲಿ ಬಸ್ಸು ಬರುವುದು ಕಾಣಿಸಿತು. ಕತ್ತರಿಯಕ್ಕ ಬಸ್ಸಿನ ಕಡೆ ಎರಡು ಹೆಜ್ಜೆ ಹಾಕಿ ನಿಂತಳು. ಕೇಳದಿದ್ದರೆ ಇವತ್ತು ತನಗೆ ನಿದ್ದೆ ಬರುವುದಿಲ್ಲ, ಇನ್ನೆಂದೂ ಬರುವುದಿಲ್ಲ. ದುಭಾಷಿಯನ್ನು ಕರೆದಳು. ಅವನನ್ನು ನೋಡದೆ, ತಂಗಿಯ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು.

‘ಪುಟ್ಟಿ, ನಿಂಗೆ ನನ್ನ ಮೇಲೆ ಕೋಪ ಇದ್ಯಾ?’

ದುಭಾಷಿಯ ಕೈಗಳು ಆಡಿ ನಿಂತವು. ಕುರ್ಚಿ ಮೇಡಂ ತನಗೆ ಕೇಳಿಸದಷ್ಟು ದೂರ ಹೋಗಿ ಗೇಟಿಗೆ ಒರಗಿ ನಿಂತಳು. ಪುಟ್ಟಿ ಅಕ್ಕನನ್ನು ದಿಟ್ಟಿಸಿ ನೋಡಿದಳು. ಕಣ್ಣು ತುಂಬಿ ಬಂತು. ಕೈಗಳು ಮಾತ್ರ ಅಲುಗಾಡದೆ, ಸ್ಪಷ್ಟವಾಗಿ, ಒಂದೊಂದೇ ಮಾತು ಹೇಳಿದವು.

‘ಇದೆ ಅಕ್ಕ. ತುಂಬಾ ಇದೆ. ಕೂತ್ಕೋ, ಹೇಳ್ತೀನಿ.’

ಬಸ್ಸು ಬಂದು ನಿಂತಿತು, ಹೋಯಿತು. ಕತ್ತರಿಯಕ್ಕ ತಂಗಿಯ ಎದುರಿಗೆ, ಅವಳ ಕೈ ಮುಖ ಎರಡೂ ಕಾಣುವಂತೆ, ಬೆಂಚಿನ ಮೇಲೆ ಕೂತಳು.